ಎಂಜಿನ್ ಮನೆಯಲ್ಲಿ ದೇವತೆಗಳು

ಕೊಲೋಸಿಯಂ ಎದುರಿನ ಜನಜಂಗುಳಿಯಿಂದ ಹೊರಬಿದ್ದು ದಕ್ಷಿಣದ ಕಡೆಗೆ ಹೋಗುವ ಮೆಟ್ರೊ ಹತ್ತಿದರೆ ಮೂರನೆಯ ನಿಲ್ದಾಣ ಗರ್ಬತೆಲ್ಲಾ. ಇಳಿದವರಲ್ಲಿ ಕ್ಯಾಮೆರಾ ನೇತುಹಾಕಿಕೊಂಡವರು ಕಡಿಮೆ. ಕೆಲಸಕ್ಕೆ ಹೊರಟವರು, ಕಾಲೇಜಿನ ಹುಡುಗರು, ತರಕಾರಿ ಚೀಲ ಹಿಡಿದ ಅಜ್ಜಿಯರೇ ಹೆಚ್ಚು. ಸ್ವಲ್ಪ ನಡೆದರೆ ವಿಯಾ ಓಸ್ತಿಯೆನ್ಸೆ. ಒಂದು ಕಾಲಕ್ಕೆ ಓಸ್ತಿಯಾ ಬಂದರಿಗೆ ಹೋಗುತ್ತಿದ್ದ ಪ್ರಾಚೀನ ಹೆದ್ದಾರಿ ಇದು. ಈಗ ಇದರ ಬದಿಯಲ್ಲಿ ಹಳೆಯ ಗ್ಯಾಸ್ ಕಾರ್ಖಾನೆಯ ಉಕ್ಕಿನ ಹಂದರ ಆಕಾಶಕ್ಕೆ ಎದ್ದು ನಿಂತಿದೆ. ಒಳಗೆ ಏನೂ ಇಲ್ಲದ, ಬರೀ ಕಂಬಿಗಳ ದೊಡ್ಡ ಉರುಳೆ. ಪೋಸ್ಟ್ ಕಾರ್ಡುಗಳಲ್ಲಿ ಕಾಣುವ ರೋಮ್ ಇಲ್ಲಿಲ್ಲ. ಊರಿಗೆ ಬೆಳಕು, ಉರುವಲು, ಕಾಯಿಪಲ್ಲೆ ಒದಗಿಸಿದ ರೋಮ್ ಇದು.

ಅದೇ ರಸ್ತೆಯಲ್ಲಿ ಜ್ಯೊವಾನ್ನಿ ಮಾಂತೆಮಾರ್ತಿನಿ ವಿದ್ಯುತ್ ಕೇಂದ್ರ ಇದೆ. 1912ರಲ್ಲಿ ಶುರುವಾಗಿ 1963ರಲ್ಲಿ ನಿಂತುಹೋದ ಕೇಂದ್ರ. ಈಗ ಅದರೊಳಗೆ ಪ್ರಾಚೀನ ಗ್ರೀಸ್ ಮತ್ತು ರೋಮಿನ ಸುಮಾರು ನಾನೂರು ಶಿಲ್ಪಗಳಿವೆ.

ನೆಲಮಹಡಿಯ ಕಂಬಗಳ ಕೋಣೆಯಲ್ಲೇ ಮೊದಲ ಅಚ್ಚರಿ ಕಾದಿರುತ್ತದೆ. ಕಾಂಕ್ರೀಟು ಕಂಬಗಳ ನಡುವೆ ಟೋಗಾ ಉಟ್ಟ ಗೃಹಸ್ಥನೊಬ್ಬ ತನ್ನ ಪೂರ್ವಿಕರಿಬ್ಬರ ತಲೆಗಳನ್ನು ಎರಡೂ ಕೈಗಳಲ್ಲಿ ಹಿಡಿದು ನಿಂತಿದ್ದಾನೆ. ಬಾರ್ಬೆರಿನಿ ಟೋಗಾಧಾರಿ ಎಂದು ಹೆಸರಾದ ಶಿಲ್ಪ. ತನ್ನ ಕುಲ ಎಷ್ಟು ದೊಡ್ಡದು ಎಂದು ತೋರಿಸುವುದೇ ಅವನಿಗೆ ಮುಖ್ಯ. ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ; ನೋಡಬೇಕಾದದ್ದು ಮೇಲಿದೆ.

ಮೆಟ್ಟಿಲು ಹತ್ತಿ ಯಂತ್ರಗಳ ಹಜಾರಕ್ಕೆ ಕಾಲಿಟ್ಟ ಕೂಡಲೇ ಕಣ್ಣು ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ. ಎತ್ತರದ ಕಿಟಕಿಗಳಿಂದ ಬೆಳಕು ಧಾರಾಳವಾಗಿ ಬೀಳುತ್ತದೆ. ಹಜಾರದ ಉದ್ದಕ್ಕೂ ಎರಡು ಡೀಸೆಲ್ ಎಂಜಿನ್‌ಗಳು. ಎಂಜಿನ್ ಎಂದರೆ ನಾವು ಲಾರಿಯ ಬಾನೆಟ್ ಎತ್ತಿ ನೋಡುವಂಥದ್ದಲ್ಲ. ಒಂದೊಂದೂ ಒಂದು ಮನೆಯಷ್ಟು ದೊಡ್ಡದು, ಒಂದೊಂದರ ಶಕ್ತಿಯೂ 7,500 ಕುದುರೆಬಲ. ಮಿಲಾನ್ ಸಮೀಪದ ಲೆನ್ಯಾನೊ ಊರಿನ ಫ್ರಾಂಕೊ ತೋಸಿ ಕಾರ್ಖಾನೆಯಲ್ಲಿ ತಯಾರಾಗಿ, 1933ರಲ್ಲಿ ಮುಸ್ಸೊಲಿನಿಯ ಕೈಯಲ್ಲಿ ಉದ್ಘಾಟನೆಗೊಂಡವು. ಏಣಿ, ಕಟಕಟೆ, ಕೊಳವೆ, ವಾಲ್ವು, ಒತ್ತಡದ ಗೇಜುಗಳು ಎಲ್ಲವೂ ಇದ್ದಲ್ಲೇ ಇವೆ. ಎಣ್ಣೆ ಒರೆಸಿಟ್ಟ ಕಪ್ಪು ಮೈ ಮಿನುಗುತ್ತದೆ. ಪಾಳಿ ಮುಗಿಸಿ ಹೊರಗೆ ಹೋದವರು ಇನ್ನೇನು ಬಂದುಬಿಡುತ್ತಾರೆ ಅನ್ನಿಸುವಷ್ಟು ಅಚ್ಚುಕಟ್ಟು.

ಆ ಕಪ್ಪಿನ ಮುಂದೆ ಸಾಲಾಗಿ ಬಿಳಿಯ ಅಮೃತಶಿಲೆಯ ದೇವತೆಗಳು. ಶಿರಸ್ತ್ರಾಣ ಧರಿಸಿದ ಆಥೀನಾ ಇದ್ದಾಳೆ. ಚಕ್ರವರ್ತಿ ಹಾಡ್ರಿಯನ್‌ಗೆ ಪ್ರಿಯನಾಗಿದ್ದ, ನೈಲ್ ನದಿಯಲ್ಲಿ ಮುಳುಗಿ ಸತ್ತ ಯುವಕ ಆಂಟಿನೋಸ್ ಇದ್ದಾನೆ. ಬರೀ ಗೋಡೆಯ ಮುಂದೆ ನಿಲ್ಲಿಸಿದ ಬಿಳಿ ಶಿಲ್ಪದಲ್ಲಿ ಎಷ್ಟೋ ವಿವರಗಳು ಕಣ್ಣಿಗೆ ಬೀಳದೆ ಹೋಗುತ್ತವೆ. ಇಲ್ಲಿ ಹಾಗಲ್ಲ. ಹಿಂದಿನ ಉಕ್ಕಿನ ಕಪ್ಪಿಗೆ ಸೆರಗಿನ ಒಂದೊಂದು ನಿರಿಗೆಯೂ, ತುಟಿಯ ಅಂಚೂ, ಮುರಿದ ಮೂಗಿನ ಒರಟೂ ಎದ್ದು ಕಾಣುತ್ತದೆ. ಹಾಗೆಯೇ ಎಂಜಿನ್ನೂ. ದೇವತೆಯ ಭುಜದ ದುಂಡನ್ನು ನೋಡಿ ಹೊರಳಿದ ಕಣ್ಣಿಗೆ ಸಿಲಿಂಡರಿನ ದುಂಡು ಬೇರೆಯದೇ ರೀತಿಯಲ್ಲಿ ಕಾಣುತ್ತದೆ. ಅದನ್ನೂ ಯಾರೋ ಗೆರೆ ಎಳೆದು, ಅಚ್ಚು ಹೊಯ್ದು, ಉಜ್ಜಿ ನಯಮಾಡಿದ್ದಾರಲ್ಲ!

ಆಯುಧಪೂಜೆಯ ದಿನ ಲೇತ್ ಯಂತ್ರಕ್ಕೆ ಕುಂಕುಮವಿಟ್ಟು ಹೂ ಮುಡಿಸುವ ನಾಡಿನಿಂದ ಹೋದವರಿಗೆ ಈ ನೆರೆಹೊರೆ ವಿಚಿತ್ರ ಅನ್ನಿಸುವುದಿಲ್ಲ. ಯಂತ್ರದ ಪಕ್ಕದಲ್ಲಿ ದೇವತೆ ಇರುವುದು ನಮಗೆ ಗೊತ್ತಿರುವ ಸಂಗತಿಯೇ.

ಈ ಹಜಾರದಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿಕೊಂಡದ್ದು ಒಂದು ಕಪ್ಪು ಶಿಲ್ಪ. ನೀರೋ ಚಕ್ರವರ್ತಿಯ ತಾಯಿ ಅಗ್ರಿಪ್ಪಿನಾ, ಪ್ರಾರ್ಥನೆಯ ಭಂಗಿಯಲ್ಲಿ. ಈಜಿಪ್ಟಿನಿಂದ ತಂದ ಗಾಢವರ್ಣದ, ಲೋಹದಷ್ಟು ಗಟ್ಟಿಯಾದ ಕಲ್ಲು. ಅದನ್ನು ಕಡೆದವನ ಉಳಿ ಎಷ್ಟು ಸಲ ಮೊಂಡಾಯಿತೋ! ದೇಹ ಇಲ್ಲಿದೆ, ಮೂಲ ತಲೆ ಕೋಪನ್‌ಹೇಗನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಇಲ್ಲಿ ಕೂರಿಸಿರುವುದು ಅದರ ಪಡಿಯಚ್ಚು. ಆ ಕಲ್ಲಿನ ಬಣ್ಣವೂ ಎಂಜಿನ್ನಿನ ಬಣ್ಣವೂ ಹೆಚ್ಚುಕಡಿಮೆ ಒಂದೇ. ತುಸು ದೂರದಿಂದ ನೋಡಿದರೆ ಅವಳನ್ನೂ ಎರಕ ಹೊಯ್ದಿದ್ದಾರೇನೋ ಎನ್ನಿಸುತ್ತದೆ.

ಅಲ್ಲೇ ಇನ್ನೊಂದು ಭಾರಿ ಮುಖ, ಫೊರ್ತೂನಾ ದೇವತೆಯದು. 'ಈ ದಿನದ ಅದೃಷ್ಟ' ಎಂಬ ಹೆಸರಿನಲ್ಲಿ ಅವಳಿಗೆ ಕಟ್ಟಿದ ದುಂಡನೆಯ ಗುಡಿಯ ಅವಶೇಷ ರೋಮಿನ ಲಾರ್ಗೊ ಅರ್ಜೆಂತೀನಾ ಚೌಕದಲ್ಲಿ ಈಗಲೂ ಇದೆ. ಕ್ರಿಸ್ತಪೂರ್ವ 101ರ ಯುದ್ಧದಲ್ಲಿ ಹರಕೆ ಹೊತ್ತು ಗೆದ್ದ ಸೇನಾನಿ ಕಾತುಲಸ್ ಕಟ್ಟಿಸಿದ್ದು. ಸುಮಾರು ಎಂಟು ಮೀಟರ್ ಎತ್ತರ ಇದ್ದಿರಬೇಕಾದ ಆ ಮೂರ್ತಿಯಲ್ಲಿ ಉಳಿದದ್ದು ತಲೆ, ಒಂದು ತೋಳು, ಪಾದಗಳು ಮಾತ್ರ. ಮೈ ಬೇರೆ ವಸ್ತುವಿನದು, ಅದು ಉಳಿಯಲಿಲ್ಲ. ಪಾದದ ಬೆರಳೊಂದನ್ನು ನೋಡಿದರೂ ಸಾಕು, ಇಡೀ ಮೂರ್ತಿಯ ಗಾತ್ರ ಮನಸ್ಸಿಗೆ ಬರುತ್ತದೆ. ಇಷ್ಟು ದೊಡ್ಡ ತಲೆ ಸಾಮಾನ್ಯ ಗ್ಯಾಲರಿಯಲ್ಲಿ ಇಕ್ಕಟ್ಟಿಗೆ ಸಿಕ್ಕಿಕೊಂಡಂತೆ ಕಾಣುತ್ತಿತ್ತು. ಅವಳಿಗೆ ಸರಿಜೋಡಿ ಆಗಬಲ್ಲದ್ದು ಇಲ್ಲಿಯ ಯಂತ್ರವೇ.

ಹಜಾರದ ತುದಿಯಲ್ಲಿ ಅಪೊಲ್ಲೊ ಸೋಸಿಯಾನಸ್ ಗುಡಿಯ ಮುಂಗೋಪುರದ ಶಿಲ್ಪಗಳನ್ನು ಮೊದಲಿದ್ದಂತೆಯೇ ಜೋಡಿಸಿದ್ದಾರೆ. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಗ್ರೀಸಿನಲ್ಲಿ ಕೆತ್ತಿದ ಶಿಲ್ಪಗಳಿವು. ಗ್ರೀಕ್ ವೀರರಿಗೂ ಅಮೆಜಾನ್ ಸ್ತ್ರೀಯರಿಗೂ ಯುದ್ಧ, ನಡುವೆ ಆಥೀನಾ. ರೋಮನ್ನರು ಅವನ್ನು ಹೊತ್ತು ತಂದು ತಮ್ಮ ಗುಡಿಯ ಮುಂದೆ ಏರಿಸಿದರು. ಹಳೆಯ ವಸ್ತುವಿಗೆ ಹೊಸ ಮನೆ ಹುಡುಕುವ ಕೆಲಸ ಈ ಊರಿಗೆ ಹೊಸದೇನಲ್ಲ.

ಈ ಶಿಲ್ಪಗಳು ಇಲ್ಲಿಗೆ ಬಂದದ್ದು 1997ರಲ್ಲಿ. ಊರ ನಡುವಿನ ಕ್ಯಾಪಿಟೊಲೈನ್ ವಸ್ತುಸಂಗ್ರಹಾಲಯದ ಕೆಲವು ಭಾಗಗಳ ದುರಸ್ತಿ ನಡೆದಿತ್ತು. ಶಿಲ್ಪಗಳನ್ನು ಪೆಟ್ಟಿಗೆಯಲ್ಲಿ ಕೂಡಿಹಾಕುವ ಬದಲು, ಆಗಷ್ಟೇ ಜೀರ್ಣೋದ್ಧಾರಗೊಂಡಿದ್ದ ಈ ವಿದ್ಯುತ್ ಕೇಂದ್ರದಲ್ಲಿ ತಾತ್ಕಾಲಿಕವಾಗಿ ಇಡೋಣ ಎಂದುಕೊಂಡರು. ಪ್ರದರ್ಶನಕ್ಕೆ 'ಯಂತ್ರಗಳು ಮತ್ತು ದೇವತೆಗಳು' ಎಂದು ಹೆಸರಿಟ್ಟರು. ಜನರಿಗೆ ಎಷ್ಟು ಹಿಡಿಸಿತೆಂದರೆ ಆ ತಾತ್ಕಾಲಿಕ ವಾಸವೇ ಕಾಯಂ ಆಯಿತು.

ಕಾಕತಾಳೀಯ ಎನ್ನಬಹುದು. ಆದರೆ ಒಂದೊಂದು ಶಿಲ್ಪ ಎಲ್ಲಿ ಸಿಕ್ಕಿತು ಎಂದು ಓದುತ್ತ ಹೋದಂತೆ ನನಗೆ ಬೇರೆಯೇ ಹೊಳೆಯಿತು. 1870ರಲ್ಲಿ ಇಟಲಿಯ ಸೈನ್ಯ ಪೋಪರ ರೋಮ್ ಹೊಕ್ಕಿತು; ಮರುವರ್ಷ ಅದು ದೇಶದ ರಾಜಧಾನಿಯಾಯಿತು. ಎರಡು ಲಕ್ಷದಷ್ಟಿದ್ದ ಜನಸಂಖ್ಯೆ 1911ರ ಹೊತ್ತಿಗೆ ಐದು ಲಕ್ಷ ದಾಟಿತ್ತು. ಸಚಿವಾಲಯ, ನೌಕರರ ಮನೆಗಳು, ರೈಲು ನಿಲ್ದಾಣ ಎಂದು ತೋಟಗಳನ್ನೆಲ್ಲ ಅಗೆದರು. ಅಗೆದಲ್ಲೆಲ್ಲ ಶಿಲ್ಪ. ಎಸ್ಕ್ವಿಲಿನ್ ಗುಡ್ಡದಲ್ಲಿ 1874ರಲ್ಲಿ ಸಿಕ್ಕ ವೀನಸ್, ಸ್ನಾನಕ್ಕಿಳಿಯುವ ಮುನ್ನ ತಲೆಗೂದಲು ಕಟ್ಟಿಕೊಳ್ಳುತ್ತಿರುವವಳು, ಈಗ ಇಲ್ಲೇ ಇದ್ದಾಳೆ. ಹೀಗೆ ಬೆಳೆದ ಊರಿಗೆ ವಿದ್ಯುತ್ತೂ ಬೇಕಾಯಿತು. ಖಾಸಗಿ ಕಂಪನಿಯೊಂದನ್ನೇ ನಂಬಿ ಕೂರದೆ ನಗರಪಾಲಿಕೆಯೇ ವಿದ್ಯುತ್ ತಯಾರಿಸಬೇಕೆಂದು ಮೇಯರ್ ಎರ್ನೆಸ್ತೊ ನಾಥಾನ್ ಮತ್ತು ಅವರ ಜೊತೆಗಾರ, ಅರ್ಥಶಾಸ್ತ್ರಜ್ಞ ಮಾಂತೆಮಾರ್ತಿನಿ ಪಟ್ಟು ಹಿಡಿದರು. 1909ರಲ್ಲಿ ನಾಗರಿಕರು ಮತ ಹಾಕಿ ಒಪ್ಪಿದರು. ಮೂರು ವರ್ಷದಲ್ಲಿ ಕೇಂದ್ರ ಎದ್ದಿತು. ತಂಪುಮಾಡಲು ನೀರಿಗೆ ಟೈಬರ್ ನದಿ ಪಕ್ಕದಲ್ಲೇ ಇತ್ತು. ಊರಿನ ಸುಂಕದ ಗಡಿಯಿಂದ ಆಚೆ ಇದ್ದುದರಿಂದ ಉರುವಲಿಗೆ ಸುಂಕವೂ ಇರಲಿಲ್ಲ. 1913ರಲ್ಲಿ ಮಾಂತೆಮಾರ್ತಿನಿ ತೀರಿಕೊಂಡಾಗ ಕೇಂದ್ರಕ್ಕೆ ಅವರ ಹೆಸರನ್ನೇ ಇಟ್ಟರು.

ಅಂದರೆ ಮಣ್ಣಿನೊಳಗಿದ್ದ ವೀನಸ್ ಹೊರಬಂದದ್ದೂ ಈ ಕೇಂದ್ರ ಹುಟ್ಟಿದ್ದೂ ಒಂದೇ ಕಾರಣಕ್ಕೆ. ಊರು ಬೆಳೆಯಿತು, ಅಷ್ಟೆ. ಯಂತ್ರಗಳ ನಡುವೆ ಅವಳನ್ನು ನಿಲ್ಲಿಸಿದ್ದು ಯಾರದೋ ಚಮತ್ಕಾರವಾಗಿ ನನಗೆ ಕಾಣಲಿಲ್ಲ. ಬಹಳ ಕಾಲ ಬೇರೆಬೇರೆ ಇದ್ದ ಒಂದೇ ಮನೆಯವರು ಒಟ್ಟಿಗೆ ಬಂದಂತೆ ಕಂಡಿತು.

ಮುಂದಿನದು ಬಾಯ್ಲರ್ ಹಜಾರ. ಇದ್ದ ಮೂರು ಬಾಯ್ಲರುಗಳಲ್ಲಿ ಒಂದನ್ನು ಮಾತ್ರ ಉಳಿಸಿದ್ದಾರೆ. ಇಟ್ಟಿಗೆ, ಉಕ್ಕು, ಬಳುಕುವ ಕೊಳವೆಗಳ ಆ ರಾಶಿ ಛಾವಣಿಯವರೆಗೂ ಬೆಳೆದಿದೆ. ಸುತ್ತಲೂ ಶ್ರೀಮಂತ ರೋಮನ್ನರ ಉದ್ಯಾನಗಳನ್ನು ಅಲಂಕರಿಸಿದ್ದ ಶಿಲ್ಪಗಳು. ನೆಲದ ಮೇಲೆ ಹಾಸಿರುವುದು ಸಾಂತಾ ಬಿಬಿಯಾನಾ ಚರ್ಚಿನ ಬಳಿ ಸಿಕ್ಕ, ನಾಲ್ಕನೆಯ ಶತಮಾನದ ಮೊಸಾಯಿಕ್. ಹಂದಿ ಬೇಟೆ, ಕರಡಿ ಹಿಡಿಯುವ ದೃಶ್ಯ. ಪುಟ್ಟ ಕಲ್ಲುಗಳಲ್ಲಿ ಪ್ರಾಣಿಯ ಗಾಬರಿ ಕೂಡ ಮೂಡಿದೆ. ಒಂದು ಬದಿಯಲ್ಲಿ ಕಾವ್ಯದ ದೇವತೆ ಪೊಲಿಹಿಮ್ನಿಯಾ ಬಂಡೆಗೆ ಮೊಣಕೈಯೂರಿ, ಸೆರಗು ಬಿಗಿಯಾಗಿ ಹೊದ್ದು ಯಾವುದೋ ಯೋಚನೆಯಲ್ಲಿದ್ದಾಳೆ.

ಲಂಡನ್ನಿನ ಬ್ಯಾಂಕ್‌ಸೈಡ್ ವಿದ್ಯುತ್ ಕೇಂದ್ರವೂ ಹೀಗೆಯೇ ಕಲೆಯ ಮನೆಯಾಗಿದೆ. 1981ರಲ್ಲಿ ಮುಚ್ಚಿದ ಅದು 2000ದಲ್ಲಿ ಟೇಟ್ ಮಾಡರ್ನ್ ಆಗಿ ತೆರೆಯಿತು. ಅಲ್ಲಿಯ ಟರ್ಬೈನ್ ಹಾಲ್ ಭವ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಟರ್ಬೈನುಗಳನ್ನು ತೆಗೆದುಹಾಕಿದ್ದಾರೆ. ವಿದ್ಯುತ್ ಹೇಗೆ ತಯಾರಾಗುತ್ತಿತ್ತು ಎಂಬುದನ್ನು ಆ ಖಾಲಿ ಜಾಗ ಹೇಳಲಾರದು. ಮಾಂತೆಮಾರ್ತಿನಿಯಲ್ಲಿ ಎಂಜಿನ್, ಟರ್ಬೈನ್, ಬಾಯ್ಲರ್ ಮೂರನ್ನೂ ಸುತ್ತಿ ನೋಡಬಹುದು. ಕಟ್ಟಡ ಉಳಿಸುವುದೆಂದರೆ ಗೋಡೆ, ಛಾವಣಿ ಉಳಿಸಿದರೆ ಸಾಲದು, ಒಳಗೆ ನಡೆದ ದುಡಿಮೆಯ ಗುರುತೂ ಉಳಿಯಬೇಕು ಎಂಬ ನನ್ನ ನಂಬಿಕೆ ಇಲ್ಲಿ ಗಟ್ಟಿಯಾಯಿತು. ಹಾಗೆಂದು ಕೊರತೆಯೇ ಇಲ್ಲವೆಂದಲ್ಲ. ಎಂಜಿನ್ ಮೈಮೇಲೆ ಕಾರ್ಖಾನೆಯ ಹೆಸರಿದೆ. ಇಲ್ಲಿಯ ಬಿಸಿಗೆ, ಸದ್ದಿಗೆ ಮೈಯೊಡ್ಡಿ ಐವತ್ತು ವರ್ಷ ಪಾಳಿ ಮಾಡಿದವರ ಮುಖಗಳನ್ನೂ ಶಿಲ್ಪಗಳಷ್ಟೇ ದೊಡ್ಡದಾಗಿ ನೋಡಬೇಕೆಂಬ ಆಸೆ ನನ್ನದು.

ಕೊನೆಯ ಕೋಣೆಯಲ್ಲಿ ಒಂದು ರೈಲು ಇದೆ. 2016ರಿಂದ ಅಲ್ಲಿ ನಿಂತಿರುವ ಮೂರು ಬೋಗಿಗಳು ಪೋಪ್ ಒಂಬತ್ತನೆಯ ಪಿಯುಸ್ ಅವರಿಗೆ ರೈಲ್ವೆ ಕಂಪನಿಗಳು ಕಾಣಿಕೆಯಾಗಿ ಕೊಟ್ಟದ್ದು. 1850ರ ದಶಕದ ಕೊನೆಯಲ್ಲಿ ಫ್ರಾನ್ಸಿನಲ್ಲಿ ತಯಾರಾದವು. ಒಂದರಲ್ಲಿ ಸಿಂಹಾಸನದ ಕೋಣೆ, ಇನ್ನೊಂದರಲ್ಲಿ ಪ್ರಾರ್ಥನಾ ಮಂದಿರ, ಮತ್ತೊಂದು ನಿಂತು ಜನರನ್ನು ಆಶೀರ್ವದಿಸಲು ತೆರೆದ ಜಗಲಿಯಂಥದ್ದು. ಹೊನ್ನಬಣ್ಣದ ಅಲಂಕಾರ ಕಣ್ಣು ಕುಕ್ಕುತ್ತದೆ. 1870ರಲ್ಲಿ ರೋಮ್ ಕಳೆದುಕೊಂಡ ಪೋಪ್ ಇವರೇ. ಅವರ ಕೈತಪ್ಪಿದ ಮೇಲೆ ಊರು ಬೆಳೆದದ್ದರಿಂದಲೇ ಈ ಕೇಂದ್ರ ಹುಟ್ಟಿತು. ಅವರ ರೈಲು ಈಗ ನಿಂತಿರುವುದು ಅದರ ಛಾವಣಿಯ ಕೆಳಗೆ.