ನಾರಿನ ಹುಡಿ ಸೀಸ ಹಿಡಿಯಿತು, ಆ ಹುಡಿಯನ್ನು ಎಲ್ಲಿ ಹಾಕುವುದು?

ಕಾರ್ಕಳ ತಾಲೂಕಿನಲ್ಲಿ ನಮ್ಮದು ಎರಡು ಎಕರೆ ಗೇರು ಗುಡ್ಡೆ, ಅದರ ಬುಡದಲ್ಲಿ ಒಂದಿಷ್ಟು ಬೆಟ್ಟು ಗದ್ದೆ. ಪಂಪು ಇಲ್ಲ. ಮಳೆ ಬಂದರೆ ಬೆಳೆ. ರಸ್ತೆ ಬದಿಯಿಂದ ಬರುವ ಸಣ್ಣ ತೋಡೊಂದು ಗದ್ದೆಗೆ ಇಳಿಯುತ್ತದೆ. ಆ ರಸ್ತೆಯಲ್ಲಿ ಬ್ಯಾಟರಿ ರಿಪೇರಿಯ ಒಂದು ಶೆಡ್ಡು ಆಯಿತು. ಹಳೇ ಬ್ಯಾಟರಿ ಬಿಚ್ಚಿ ತೊಳೆದ ನೀರು ತೋಡಿಗೆ.

ಮೊದಲ ವರ್ಷ ತೋಡಿನ ಬಾಯಿಯ ನಾಲ್ಕು ಮಡಿ ಪೈರು ಸುಟ್ಟ ಹಾಗೆ ಆಯಿತು. ರೋಗ ಅಂತ ಮದ್ದು ಹೊಡೆದೆ. ದುಡ್ಡು ದಂಡ. ಆಮೇಲೆ ಗೊತ್ತಾಯಿತು, ಅದು ಬ್ಯಾಟರಿಯ ಆಸಿಡ್. ಆಸಿಡ್ ಆದರೂ ಪೈರು ಸುಟ್ಟು ಕಣ್ಣಿಗೆ ಕಾಣಿಸುತ್ತದೆ. ಜತೆಗೆ ಬರುವ ಸೀಸ ಕಾಣುವುದೇ ಇಲ್ಲ. ಕುಡಿಯುವ ನೀರಿನಲ್ಲಿ ಸೀಸಕ್ಕೆ ಇರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಂದರೆ ಸಾವಿರ ಲೀಟರಿನಲ್ಲಿ ಹತ್ತೇ ಮಿಲಿಗ್ರಾಂ. ಮಕ್ಕಳ ಮಿದುಳಿಗೆ ಇದು ಕೆಟ್ಟದು. ಬೆಂಗಳೂರಿನ ಡಾ. ತುಪ್ಪಿಲ್ ವೆಂಕಟೇಶ್ 1990ರ ದಶಕದಿಂದಲೇ ಇದನ್ನು ಹೇಳುತ್ತಾ ಬಂದವರು. ಪೆಟ್ರೋಲಿಗೆ ಸೀಸ ಹಾಕುವುದು ನಮ್ಮ ದೇಶದಲ್ಲಿ ನಿಂತದ್ದು 2000ದಲ್ಲಿ. ನಮ್ಮ ದನ ಆ ತೋಡಿನ ನೀರೇ ಕುಡಿಯುತ್ತಿತ್ತು.

ಮಗಳು ಮಣಿಪಾಲದಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೃಷಿ ಕಸದಿಂದ ನೀರು ಶುದ್ಧ ಮಾಡುವ ಬಗ್ಗೆ ಸಂಶೋಧನೆ ನಡೆಯುತ್ತದೆ ಅಂದಳು. ಅವಳ ಪರಿಚಯದ ಮೇಷ್ಟ್ರೊಬ್ಬರು ಏಳನೇ ಕ್ಲಾಸಿನವನಿಗೂ ತಿಳಿಯುವ ಹಾಗೆ ಹೇಳಿದರು. ತೆಂಗಿನ ನಾರಿನ ಹುಡಿ, ಭತ್ತದ ಉಮಿ, ಮರದ ಹುಡಿ ಇವುಗಳ ಮೈಯಲ್ಲಿ ಕಣ್ಣಿಗೆ ಕಾಣದ ಕೊಕ್ಕೆಗಳಿವೆ. ನೀರಿನಲ್ಲಿ ಕರಗಿದ ಸೀಸ, ತಾಮ್ರ ಬಂದು ಅದಕ್ಕೆ ಸಿಕ್ಕಿಕೊಳ್ಳುತ್ತವೆ.

ನೋಡದೆ ನಂಬುವವನಲ್ಲ ನಾನು. ತೂತಿನ ಮಡಕೆಗೆ ಬಟ್ಟೆ ಹಾಸಿ ನಾರಿನ ಹುಡಿ ತುಂಬಿದೆ. ಹುಡಿಯನ್ನು ಮೊದಲು ಮೂರು ನಾಲ್ಕು ಸಲ ತೊಳೆಯಬೇಕು, ಇಲ್ಲವಾದರೆ ಕಂದು ಚೊಗರು ಬರುತ್ತದೆ. ಒಂದು ಬಾಲ್ದಿ ನೀರಿಗೆ ಚಿಟಿಕೆ ಮೈಲುತುತ್ತು ಕರಗಿಸಿ ನಿಧಾನ ಹೊಯ್ದೆ. ತುತ್ತಿನಲ್ಲಿ ಕಾಲು ಭಾಗ ತಾಮ್ರವೇ. ಕೆಳಗೆ ಇಳಿದ ನೀರಿನಲ್ಲಿ ನೀಲಿ ಇರಲಿಲ್ಲ. ಬೋರ್ಡೋ ದ್ರಾವಣಕ್ಕೆ ಕತ್ತಿ ಅದ್ದಿ ನೋಡುವುದು ನಿಮಗೆಲ್ಲ ಗೊತ್ತಲ್ಲ, ಹಾಗೆ ಕಬ್ಬಿಣದ ಮೊಳೆ ಅದ್ದಿದೆ. ಕೆಂಪು ಹಿಡಿಯಲಿಲ್ಲ. ಮತ್ತೊಂದು ಬಾಲ್ದಿಗೆ ತುತ್ತಿನ ಜತೆ ಸ್ವಲ್ಪ ಬ್ಯಾಟರಿ ಆಸಿಡ್ ಹಾಕಿ ಹೊಸ ಹುಡಿಯ ಮೇಲೆ ಹೊಯ್ದೆ. ನೀಲಿ ಹಾಗೇ ಇಳಿಯಿತು! ಆಸಿಡ್ ಇದ್ದರೆ ಕೊಕ್ಕೆಗಳಲ್ಲಿ ಅದೇ ಕೂತುಬಿಡುತ್ತದೆ, ಲೋಹಕ್ಕೆ ಜಾಗ ಇಲ್ಲ. ಬ್ಯಾಟರಿ ನೀರಿಗೆ ಬರೀ ಹುಡಿ ಸಾಲದು ಅಂತ ಅಲ್ಲಿಗೆ ತಿಳಿಯಿತು.

ಶೆಡ್ಡಿನವ ಕೆಟ್ಟವನಲ್ಲ. ಹೇಳಿದ್ದಕ್ಕೆ ಎರಡು ಗುಂಡಿ ತೋಡಲು ಒಪ್ಪಿದ. ತಳಕ್ಕೂ ಬದಿಗೂ ಸಿಮೆಂಟು ಹಾಕಿಸಿದೆವು, ಇಲ್ಲದಿದ್ದರೆ ಮುರಕಲ್ಲಿನಲ್ಲಿ ಇಳಿದು ಬಾವಿಗೇ ಹೋಗುತ್ತದೆ. ಮೊದಲ ಗುಂಡಿಗೆ ಕಾಪು ಕಡೆಯಿಂದ ತಂದ ಚಿಪ್ಪಿನ ಸುಣ್ಣ. ಆಸಿಡ್ ಅಲ್ಲಿ ಸಾಯುತ್ತದೆ, ಸೀಸದ ದೊಡ್ಡ ಪಾಲು ಕೆಸರಾಗಿ ತಳಕ್ಕೆ ಕೂರುತ್ತದೆ. ಆದರೆ ಅರಸಿನ ಹಚ್ಚಿದ ಕಾಗದ ಕೆಂಪಾಗುವಷ್ಟು ಸುಣ್ಣ ಬೇಡ, ಸುಣ್ಣ ತೀರಾ ಹೆಚ್ಚಾದರೆ ಕೂತ ಸೀಸ ಪುನಃ ಕರಗುತ್ತದಂತೆ. ಎರಡನೇ ಗುಂಡಿಯಲ್ಲಿ ಗೋಣಿಯಲ್ಲಿ ಕಟ್ಟಿದ ನಾರಿನ ಹುಡಿ. ನೀರು ಅದರಲ್ಲಿ ಬಹಳ ಹೊತ್ತು ನಿಂತು ಜಿನುಗಬೇಕು. ಮೇಲೆ ಮಾಡು ಬೇಕೇ ಬೇಕು. ನಮ್ಮ ಆಟಿ ತಿಂಗಳ ಮಳೆ ಒಳಗೆ ಬಿದ್ದರೆ ಎಲ್ಲ ತೊಳೆದುಕೊಂಡು ಗದ್ದೆಗೆ.

ಕಾರ್ಕಳದಲ್ಲಿ ಗೇರುಬೀಜದ ಸಿಪ್ಪೆ ರಾಶಿ ರಾಶಿ ಸಿಗುತ್ತದೆ, ಅದನ್ನೇ ಹಾಕಬಾರದಾ ಅಂತ ಕೇಳಿದವರುಂಟು. ಅದರ ಎಣ್ಣೆ ಕೈ ಸುಡುತ್ತದೆ ಮಾರಾಯ್ರೆ, ನೀರಿಗೂ ಬರುತ್ತದೆ. ಹಾಗಾಗಿ ಬಿಟ್ಟೆವು.

ಇಳಿದ ನೀರನ್ನು ಪರೀಕ್ಷೆ ಮಾಡಿಸಿದೆವು. ಸೀಸ ತುಂಬ ಇಳಿದಿತ್ತು, ಕುಡಿಯುವ ಮಿತಿಗೆ ಬಂದಿರಲಿಲ್ಲ. ಇದು ಕೊಳೆ ನೀರಿನ ಉಪಾಯ, ಬಾವಿ ನೀರು ಕುಡಿಯಲು ಯಾರೂ ಹೀಗೆ ಮಾಡಬೇಡಿ.

ಈಗ ನನ್ನ ದಡ್ಡತನ. ಹಳೇ ಹುಡಿಯ ಗೋಣಿ ಬಿಚ್ಚಿ ಗೊಬ್ಬರದ ಗುಂಡಿಗೆ ಸುರಿಯಲು ಹೊರಟಿದ್ದೆ. ಕಸ ಅಂದರೆ ಗೊಬ್ಬರ ಅಂತಲೇ ನಮ್ಮ ಲೆಕ್ಕ ಅಲ್ಲವಾ. ಹೆಂಡತಿ ಕೇಳಿದಳು, "ನೀರಿನಲ್ಲಿದ್ದ ವಿಷ ಈಗ ಎಲ್ಲಿದೆ?" ಕೈ ನಿಂತಿತು. ಸೀಸ ಕೊಳೆಯುವುದಿಲ್ಲ. ಸುಟ್ಟರೆ ಬೂದಿಯಲ್ಲೂ ಹೊಗೆಯಲ್ಲೂ ಇರುತ್ತದೆ. ಗೊಬ್ಬರಕ್ಕೆ ಹಾಕಿದ್ದರೆ ತೋಡಿನಲ್ಲಿ ತಡೆದದ್ದನ್ನು ನಾನೇ ಹೊತ್ತು ಗದ್ದೆಗೆ ಹಾಕಿದ ಹಾಗೆ. ನಾರಿನ ಹುಡಿಯ ಗುಣ ಹೊಗಳುವವರು ಈ ಮಾತು ಎತ್ತುವುದು ಕಡಿಮೆ.

ಹುಡಿಯನ್ನೂ ಸುಣ್ಣದ ಕೆಸರನ್ನೂ ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿ ಮುಚ್ಚಳ ಹಾಕಿ, ಮೇಲೆ 'ಸೀಸ' ಅಂತ ಬಣ್ಣದಲ್ಲಿ ಬರೆದಿದ್ದೇವೆ. ಇಂಥದ್ದು ಅಪಾಯಕಾರಿ ತ್ಯಾಜ್ಯ ವಿಲೇವಾರಿ ಮಾಡುವ ಅಧಿಕೃತ ಜಾಗಕ್ಕೇ ಹೋಗಬೇಕು. ಕೇಳಿದ್ದೇವೆ. ಒಂದು ಡ್ರಮ್ಮಿಗೆ ಲಾರಿ ಯಾರು ಕಳಿಸುತ್ತಾರೆ? ಶೆಡ್ಡಿನ ಮೂಲೆಯಲ್ಲಿ ಮಾಡಿನ ಅಡಿ ಹಾಗೇ ಇದೆ.

ಇದು ನೋಡಿದ ಮೇಲೆ ಶೆಡ್ಡಿನವ ಬ್ಯಾಟರಿ ಬಿಚ್ಚುವುದನ್ನೇ ನಿಲ್ಲಿಸಿದ. 2001ರ ಬ್ಯಾಟರಿ ನಿಯಮ, ಆಮೇಲೆ 2022ರದ್ದು, ಎರಡೂ ಹಳೇ ಬ್ಯಾಟರಿ ನೋಂದಾಯಿತ ಮರುಬಳಕೆದಾರರಿಗೇ ಸೇರಬೇಕು ಅನ್ನುತ್ತವೆ. ಈಗ ಬಿಚ್ಚದೆ ಹಾಗೇ ಕಳಿಸುತ್ತಾನೆ. ತೋಡಿಗೆ ಬರುವುದು ಮಳೆ ನೀರು ಮಾತ್ರ. ಆ ನಾಲ್ಕು ಮಡಿಗೆ ಈ ಸಲ ನೇಜಿ ಹಾಕಿಲ್ಲ. ಹುಲ್ಲು ಚೆನ್ನಾಗಿ ಎದ್ದಿದೆ. ದನಕ್ಕೆ ಕೊಯ್ಯುವುದಿಲ್ಲ, ಮಣ್ಣಿನ ಪರೀಕ್ಷೆ ಆಗಬೇಕು.