ಕೊಡಗಿನಿಂದ ಹಿಮದ ಹಾದಿಗೆ

ನಾಗಸಂದ್ರದ ಕಾರ್ಖಾನೆ ಬೀದಿಗಳಲ್ಲಿ ಹಿಮವೆಂದರೆ ಐಸ್‌ಕ್ಯಾಂಡಿಯಷ್ಟೇ ನೆನಪಾದೀತು. ಆದರೂ ಕನ್ನಡನಾಡಿಗೆ ಸ್ಕೀಯಿಂಗ್ ಪದಕವೊಂದು ದೊರೆತಿದೆ. ತಂದವರು ಕೊಡಗಿನ ಭವಾನಿ ತೆಕ್ಕಡ ನಂಜುಂಡ.

ಈಕೆಯದು ಇಳಿಜಾರಿನಲ್ಲಿ ರಭಸದಿಂದ ಜಾರುವ ಪಂದ್ಯವಲ್ಲ. ಏರು, ಬಯಲು, ಇಳುಕಲುಗಳಲ್ಲಿ ಎರಡು ಕೋಲೂರಿ, ಸ್ವಂತ ಉಸಿರನ್ನೇ ನೆಚ್ಚಿ ಸಾಗುವ ದೂರದ ಓಟ.

ಸುಮಾರು 2,650 ಮೀಟರ್ ಎತ್ತರದ ಗುಲ್ಮಾರ್ಗ್ ಭಾರತೀಯ ಸ್ಪರ್ಧಿಗಳ ಮನೆಯಂಗಳ. ಅಲ್ಲಿ ಗೆಲ್ಲುವುದೂ ಸಣ್ಣ ಮಾತಲ್ಲ. ಆದರೆ ಹಿಮ ಕೆಲವೇ ತಿಂಗಳದು. ನಾರ್ವೆಯ ಮಕ್ಕಳಿಗಾದರೋ ಎಳವೆಯಲ್ಲೇ ಸ್ಕೀ ಹಲಗೆಗಳ ಪರಿಚಯ. ಹಿಮವಿಲ್ಲದಾಗ ಗಾಲಿ ಕಟ್ಟಿದ ಹಲಗೆಗಳ ಮೇಲೆ ಡಾಂಬರು ರಸ್ತೆಯಲ್ಲಿ ಅಭ್ಯಾಸ. ಬಿದ್ದರೆ ಮಂಡಿಗೆ ಡಾಂಬರು ಹಿಮದಷ್ಟು ಕರುಣಾಳುವಲ್ಲ!

2025ರಲ್ಲಿ ದೂರದ ಚಿಲಿ ದೇಶದಲ್ಲಿ ನಡೆದ 5 ಕಿಲೋಮೀಟರ್ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಭವಾನಿ ಮೂರನೆಯವರಾಗಿ ಗುರಿ ಮುಟ್ಟಿದರು. ತಗುಲಿದ ಕಾಲ 21 ನಿಮಿಷ, ಚಿಲ್ಲರೆ ಸೆಕೆಂಡು.