ಇದ್ದತ್‌ನ ದಿನಗಳ ಹೊಣೆ ಯಾರದು?

ಮುಸ್ಲಿಂ ವೈಯಕ್ತಿಕ ಕಾನೂನಿನ ಮಾತು ಬಂದಾಗಲೆಲ್ಲ ನಮ್ಮ ಸಾರ್ವಜನಿಕ ಚರ್ಚೆ ತಲಾಖ್‌ನ ಸುತ್ತಲೇ ಗಿರಕಿ ಹೊಡೆಯುತ್ತದೆ. ತಲಾಖ್ ಆದ ಮೇಲೆ, ಇಲ್ಲವೇ ಪತಿ ತೀರಿಕೊಂಡ ಮೇಲೆ, ಮಹಿಳೆ ಪಾಲಿಸಬೇಕಾದ ಇದ್ದತ್ ಎಂಬ ನಿರೀಕ್ಷಣಾ ಅವಧಿಯ ಬಗ್ಗೆ ತಿಳಿದವರು ಕಡಿಮೆ. ಆ ಅವಧಿಯಲ್ಲಿ ಆಕೆ ಮರುಮದುವೆಯಾಗುವಂತಿಲ್ಲ ಎಂಬಷ್ಟು ಮಾತ್ರ ಹಲವರಿಗೆ ಗೊತ್ತು. ಆದರೆ ಆ ದಿನಗಳಲ್ಲಿ ಆಕೆಯ ಮನೆಯ ಒಲೆ ಹೇಗೆ ಉರಿಯಬೇಕು, ಬಾಡಿಗೆ ಯಾರು ಕಟ್ಟಬೇಕು ಎಂಬ ಪ್ರಶ್ನೆಯನ್ನು ನಾವು ಕೇಳುವುದೇ ಅಪರೂಪ. ಅರ್ಥಶಾಸ್ತ್ರ ಓದಿ, ಆಡಳಿತ ಸೇವೆಯಲ್ಲಿ ಆಯುಷ್ಯದ ಬಹುಭಾಗ ಕಳೆದ ನನಗೆ ಇದ್ದತ್ ಧರ್ಮದ ವಿಷಯವಾಗಿರುವಷ್ಟೇ ಜೀವನೋಪಾಯದ ವಿಷಯವೂ ಆಗಿ ಕಾಣುತ್ತದೆ.

ಮೊದಲು ನಿಯಮಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ವಿಚ್ಛೇದಿತೆಗೆ ಮೂರು ಋತುಚಕ್ರಗಳ ಅವಧಿ, ಋತುಸ್ರಾವ ನಿಂತವರಿಗೆ ಮೂರು ಚಾಂದ್ರಮಾಸ, ಗರ್ಭಿಣಿಗೆ ಹೆರಿಗೆಯವರೆಗೆ. ದಾಂಪತ್ಯವೇ ಆರಂಭವಾಗದೆ ತಲಾಖ್ ಆಗಿದ್ದರೆ ಇದ್ದತ್ ಇಲ್ಲ. ವಿಧವೆಗೆ ನಾಲ್ಕು ತಿಂಗಳು ಹತ್ತು ದಿನ. ಆಕೆ ಹದಿಹರೆಯದವಳಿರಲಿ, ವೃದ್ಧೆಯಿರಲಿ, ಪತಿಯೊಡನೆ ಒಂದು ದಿನವೂ ಸಂಸಾರ ಮಾಡದವಳಿರಲಿ, ಈ ಅವಧಿ ತಪ್ಪದು. ವಿಧವೆ ಗರ್ಭಿಣಿಯಾಗಿದ್ದರೆ, ಸುನ್ನಿ ಪಂಥಗಳ ಪ್ರಕಾರ, ಹೆರಿಗೆಯೊಂದಿಗೆ ಅವಧಿ ಮುಗಿಯುತ್ತದೆ.

ಈ ವ್ಯತ್ಯಾಸಗಳಲ್ಲೇ ನಿಯಮದ ಉದ್ದೇಶ ಅಡಗಿದೆ. ವಿಚ್ಛೇದಿತೆಯ ವಿಷಯದಲ್ಲಿ ಹುಟ್ಟಲಿರುವ ಮಗುವಿನ ಪಿತೃತ್ವವನ್ನು ನಿಶ್ಚಯಿಸುವುದು ಮತ್ತು ದಂಪತಿಗೆ ಮರುಚಿಂತನೆಯ ಅವಕಾಶ ನೀಡುವುದು ಮುಖ್ಯ. ವಿಧವೆಯ ವಿಷಯದಲ್ಲಿ ಶೋಕಾಚರಣೆಯೂ ಸೇರಿದೆ. ಆದ್ದರಿಂದಲೇ ಆಧುನಿಕ ವೈದ್ಯಕೀಯ ಪರೀಕ್ಷೆಯಿರುವಾಗ ಇದ್ದತ್ ಏಕೆ ಎಂಬ ವಾದ ಅರ್ಧ ಮಾತ್ರ ಸರಿ. ಕಾಯುವಿಕೆ ಒಂದು ಸಮುದಾಯದ ಸೊತ್ತೂ ಅಲ್ಲ. 1955ರ ಹಿಂದೂ ವಿವಾಹ ಕಾಯ್ದೆಯೂ ವಿಚ್ಛೇದನದ ನಂತರ ಒಂದು ವರ್ಷ ಮರುಮದುವೆಗೆ ತಡೆಯೊಡ್ಡಿತ್ತು. 1976ರ ತಿದ್ದುಪಡಿಯಲ್ಲಿ ಅದನ್ನು ಕೈಬಿಡಲಾಯಿತು.

ವಿಚ್ಛೇದಿತೆಯ ಇದ್ದತ್ ನಮ್ಮ ನ್ಯಾಯಾಲಯಗಳನ್ನು ನಾಲ್ಕು ದಶಕ ಕಾಡಿದೆ. 1985ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದ ಇಂದೋರಿನ ಶಾ ಬಾನೊ ಪ್ರಕರಣದಲ್ಲಿ ವಿವಾದವಿದ್ದುದು ತಿಂಗಳಿಗೆ 179 ರೂಪಾಯಿ 20 ಪೈಸೆಯ ಜೀವನಾಂಶದ ಬಗ್ಗೆ. ಇದ್ದತ್ ಮುಗಿದ ಮೇಲೆ ತನ್ನ ಹೊಣೆಯೂ ಮುಗಿಯಿತು ಎಂಬುದು ವಕೀಲರೇ ಆಗಿದ್ದ ಪತಿಯ ವಾದವಾಗಿತ್ತು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಬಳಿಕ ಬಂದ 1986ರ ಕಾಯ್ದೆ ‘ನ್ಯಾಯೋಚಿತ ಏರ್ಪಾಡು ಮತ್ತು ಜೀವನಾಂಶ’ವನ್ನು ಇದ್ದತ್ ಅವಧಿಯೊಳಗೆ ಕೊಡಬೇಕು ಎಂದಿತು. ಶಾ ಬಾನೊ ಪರ ವಕೀಲರಾಗಿದ್ದ ಡೇನಿಯಲ್ ಲತೀಫಿ ಈ ಕಾಯ್ದೆಯನ್ನು ಪ್ರಶ್ನಿಸಿದರು. 2001ರಲ್ಲಿ ಕಾಯ್ದೆಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್, ‘ಅವಧಿಯೊಳಗೆ’ ಎಂಬುದು ಹಣ ಕೊಡಬೇಕಾದ ಗಡುವೇ ಹೊರತು ಹೊಣೆಯ ಮಿತಿಯಲ್ಲ ಎಂದು ಅರ್ಥೈಸಿತು. ಅಂದರೆ ಆಕೆಯ ಮುಂದಿನ ಬದುಕಿಗೂ ಆ ಮೂರು ತಿಂಗಳಲ್ಲೇ ಏರ್ಪಾಡು ಆಗಬೇಕು. 2024ರ ಜುಲೈ 10ರಂದು ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಆಗಸ್ಟೀನ್ ಜಾರ್ಜ್ ಮಸೀಹ್ ಅವರ ಪೀಠ, ವಿಚ್ಛೇದಿತ ಮುಸ್ಲಿಂ ಮಹಿಳೆ ಎಲ್ಲರಂತೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿಯೂ ಜೀವನಾಂಶ ಕೇಳಬಹುದು ಎಂದು ಸಾರಿತು. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ಅವಕಾಶ 144ನೇ ಕಲಮಾಗಿದೆ. ಹೀಗೆ ವಿಚ್ಛೇದಿತೆಗೆ, ವಿಳಂಬವಾದರೂ, ಕಾನೂನಿನ ಬಾಗಿಲು ತೆರೆದಿದೆ.

ವಿಧವೆಗೆ ಅಂಥ ಬಾಗಿಲೇ ಇಲ್ಲ. 1986ರ ಕಾಯ್ದೆ ಆಕೆಗೆ ಅನ್ವಯಿಸದು. ಭಾರತದ ಬಹುಪಾಲು ಮುಸ್ಲಿಮರು ಅನುಸರಿಸುವ ಹನಫಿ ನ್ಯಾಯಶಾಸ್ತ್ರದ ಪ್ರಕಾರ ವಿಧವೆಗೆ ಇದ್ದತ್ ಕಾಲದ ಜೀವನಾಂಶವಿಲ್ಲ. ಸಾವಿನೊಡನೆ ಪತಿಯ ಸ್ವತ್ತು ವಾರಸುದಾರರದಾಗುತ್ತದೆ ಎಂಬುದು ಅದರ ತರ್ಕ. ಬಾಕಿ ಉಳಿದ ಮೆಹರ್ ಆಕೆಗೆ ಸಲ್ಲಬೇಕಾದ ಸಾಲ. ಜೊತೆಗೆ ಮಕ್ಕಳಿದ್ದರೆ ಆಸ್ತಿಯಲ್ಲಿ ಎಂಟನೇ ಒಂದು, ಇಲ್ಲದಿದ್ದರೆ ನಾಲ್ಕನೇ ಒಂದು ಪಾಲು. ಆಸ್ತಿವಂತರ ಮನೆಯಲ್ಲಿ ಇದು ಸಾಕಾಗಬಹುದು. ಆದರೆ ಕೂಲಿಯವನೋ ಆಟೊ ಚಾಲಕನೋ ಬಿಟ್ಟುಹೋಗುವುದು ಹೆಚ್ಚಿನ ಸಂದರ್ಭಗಳಲ್ಲಿ ಸಾಲವನ್ನು. ಶೂನ್ಯದ ಎಂಟನೇ ಒಂದು ಭಾಗವೂ ಶೂನ್ಯವೇ.

ಗಮನಾರ್ಹ ಸಂಗತಿಯೆಂದರೆ, ಈ ತೊಡಕನ್ನು ಹಿಂದಿನ ನ್ಯಾಯಪಂಡಿತರು ಚೆನ್ನಾಗಿಯೇ ಅರಿತಿದ್ದರು. ಹನ್ನೆರಡನೇ ಶತಮಾನದ ‘ಹಿದಾಯ’ ಹನಫಿ ಪಂಥದ ಪ್ರಮಾಣಗ್ರಂಥ. ಚಾರ್ಲ್ಸ್ ಹ್ಯಾಮಿಲ್ಟನ್ ಮಾಡಿದ ಅದರ 1791ರ ಇಂಗ್ಲಿಷ್ ಅನುವಾದವನ್ನು ಬ್ರಿಟಿಷ್ ಭಾರತದ ನ್ಯಾಯಾಲಯಗಳು ಆಧರಿಸುತ್ತಿದ್ದವು. ಅದರ ಪ್ರಕಾರ ಇದ್ದತ್‌ನಲ್ಲಿರುವ ವಿಚ್ಛೇದಿತೆ ಮನೆಯಿಂದ ಹೊರಹೋಗಬಾರದು. ವಿಧವೆ ಹಗಲಿನಲ್ಲಿ ಹೋಗಬಹುದು, ರಾತ್ರಿ ಮಾತ್ರ ಮನೆಯಲ್ಲಿ ಕಳೆಯಬೇಕು. ಕಾರಣ ಸರಳ: ಮೊದಲನೆಯವಳ ಖರ್ಚು ಪತಿಯ ಮೇಲಿದೆ, ಎರಡನೆಯವಳು ತನ್ನ ಅನ್ನವನ್ನು ತಾನೇ ಹುಡುಕಿಕೊಳ್ಳಬೇಕು. ಶಾಫಿ ಪಂಥವೂ ಅಗತ್ಯವಿದ್ದಾಗ ಹಗಲಿನಲ್ಲಿ ಹೊರಹೋಗಲು ಅನುಮತಿಸುತ್ತದೆ. ನಮ್ಮ ಕರಾವಳಿಯ ಬ್ಯಾರಿಗಳು, ನವಾಯತರು ಈ ಪಂಥದವರು. ಮನೆಯಲ್ಲಿರಬೇಕೆಂಬ ಕಟ್ಟುಪಾಡಿಗೂ ಜೀವನಾಂಶದ ಹಕ್ಕಿಗೂ ಇರುವ ಈ ಕೊಂಡಿ ಅರ್ಥಶಾಸ್ತ್ರದ ದೃಷ್ಟಿಯಿಂದಲೂ ಸಮಂಜಸವಾದುದು.

ವಿಪರ್ಯಾಸವೆಂದರೆ ರೂಢಿಯಲ್ಲಿ ಉಳಿದಿರುವುದು ಕಟ್ಟುಪಾಡು ಮಾತ್ರ. ಹಲವು ಕುಟುಂಬಗಳಲ್ಲಿ ವಿಧವೆ ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟಬಾರದು ಎಂಬ ಭಾವನೆ ಬಲವಾಗಿದೆ. ಮಂಗಳೂರು ಕಡೆಯ ಬೀಡಿ ಕಟ್ಟುವ ಹೆಣ್ಣುಮಗಳು ಮನೆಯಲ್ಲೇ ಕೂತು ಒಂದಿಷ್ಟು ದುಡಿದಾಳು. ರಾಮನಗರ, ಶಿಡ್ಲಘಟ್ಟಗಳ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ, ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದುಡಿಯುವವಳು ಏನು ಮಾಡಬೇಕು? ನಾಲ್ಕು ತಿಂಗಳು ಆಕೆಗಾಗಿ ಕೆಲಸ ಕಾದಿರಿಸುವ ಮಾಲೀಕ ಸಿಗುವುದು ಕಷ್ಟ.

ಸರ್ಕಾರಿ ಕಚೇರಿಗಳ ಪಂಚಾಂಗವೂ ಆಕೆಯ ದಿನಗಳಿಗೆ ಹೊಂದುವುದಿಲ್ಲ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಬಡತನ ರೇಖೆಯ ಕೆಳಗಿನ ಕುಟುಂಬದ ದುಡಿಯುವ ಸದಸ್ಯ ತೀರಿಕೊಂಡಾಗ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಡಿ ಸಿಗಬೇಕಾದ 20,000 ರೂಪಾಯಿಗೂ, ವಿಧವಾ ವೇತನಕ್ಕೂ, ಬ್ಯಾಂಕ್ ಖಾತೆಯ ಹಣಕ್ಕೂ ಅರ್ಜಿ, ಸಹಿ, ಹೆಬ್ಬೆಟ್ಟು ಬೇಕು. ನಾನು ಸೇವೆಯಲ್ಲಿದ್ದ ಒಂದು ತಾಲ್ಲೂಕಿನಲ್ಲಿ ಇಂಥ ಮಹಿಳೆಯೊಬ್ಬರ ತಮ್ಮ ವಾರವಾರವೂ ಕಚೇರಿಗೆ ಬರುತ್ತಿದ್ದ. ಅರ್ಜಿದಾರಳೇ ಬರಬೇಕೆಂದು ಗುಮಾಸ್ತರು ಆತನನ್ನು ಹಿಂದಕ್ಕೆ ಕಳುಹಿಸುತ್ತಿದ್ದರು. ಕೊನೆಗೆ ಗ್ರಾಮಲೆಕ್ಕಿಗರನ್ನೇ ಆಕೆಯ ಮನೆಗೆ ಕಳುಹಿಸಿದಾಗ ಕೆಲಸ ಮುಗಿದದ್ದು ಅರ್ಧ ಗಂಟೆಯಲ್ಲಿ. ಅದಕ್ಕೆ ಯಾವ ಹೊಸ ಕಾನೂನೂ ಬೇಕಾಗಲಿಲ್ಲ.

ಉದ್ಯೋಗಸ್ಥ ಮಹಿಳೆಯರ ಸ್ಥಿತಿಯನ್ನೂ ನೋಡಬೇಕು. ಪಾಕಿಸ್ತಾನದ 1980ರ ರಜಾ ನಿಯಮಗಳು ಪತಿ ತೀರಿಕೊಂಡ ಸರ್ಕಾರಿ ನೌಕರಳಿಗೆ ಪೂರ್ಣ ವೇತನದ 130 ದಿನಗಳವರೆಗಿನ ವಿಶೇಷ ರಜೆ ನೀಡುತ್ತವೆ. ಸೌದಿ ಅರೇಬಿಯಾದ ಕಾರ್ಮಿಕ ಕಾನೂನಿನಲ್ಲೂ ಮುಸ್ಲಿಂ ವಿಧವೆಗೆ ನಾಲ್ಕು ತಿಂಗಳು ಹತ್ತು ದಿನಗಳ ವೇತನಸಹಿತ ರಜೆಯಿದೆ. ನಮ್ಮ ಕೇಂದ್ರ ಸರ್ಕಾರದ ರಜಾ ನಿಯಮಗಳಲ್ಲಿ 180 ದಿನಗಳ ಹೆರಿಗೆ ರಜೆಯುಂಟು, 730 ದಿನಗಳ ಮಕ್ಕಳ ಪಾಲನಾ ರಜೆಯುಂಟು. ಸಂಗಾತಿಯನ್ನು ಕಳೆದುಕೊಂಡವರು ಮಾತ್ರ ತಮ್ಮ ಗಳಿಕೆ ರಜೆಯನ್ನೇ ಕರಗಿಸಿಕೊಳ್ಳಬೇಕು.

ಒಂದು ಧರ್ಮದವರಿಗಷ್ಟೇ ಸೀಮಿತವಾದ ರಜೆ ನಮ್ಮಂಥ ದೇಶಕ್ಕೆ ಸೂಕ್ತವಲ್ಲ ಎಂಬ ಆಕ್ಷೇಪ ಬರಬಹುದು. ಅದು ಸಕಾರಣವೂ ಹೌದು. ಆದರೆ ಜೀವನಸಂಗಾತಿಯನ್ನು ಕಳೆದುಕೊಂಡ ಎಲ್ಲ ಧರ್ಮದ ನೌಕರರಿಗೂ ಶೋಕರಜೆ ಕೊಡಲು ಅಡ್ಡಿಯೇನು? ಅದರೊಡನೆ ಕುಟುಂಬ ನೆರವಿನ ಹಣ ಸಾವು ನೋಂದಣಿಯಾದ ತಿಂಗಳೊಳಗೆ, ಅಧಿಕಾರಿಯೇ ಮನೆಗೆ ಹೋಗಿ ಅರ್ಜಿ ಪಡೆದು, ಕೈಸೇರುವಂತಾಗಬೇಕು. 2024ರ ತೀರ್ಪಿನಲ್ಲಿ ನ್ಯಾಯಮೂರ್ತಿ ನಾಗರತ್ನ ಅವರು ಗೃಹಿಣಿಗೆ ಜಂಟಿ ಖಾತೆ, ಎಟಿಎಂ ಕಾರ್ಡ್ ಇರಬೇಕೆಂದು ಹೇಳಿದ ಮಾತು ಇಲ್ಲಿಗೂ ಸಲ್ಲುತ್ತದೆ: ಜಂಟಿ ಖಾತೆಯಿದ್ದ ಮನೆಯಲ್ಲಿ ವಿಧವೆಯ ಮೊದಲ ತಿಂಗಳು ಅಷ್ಟು ಕಠಿಣವಾಗದು.

ಉಳಿದದ್ದು ಸಮುದಾಯದ ಹಿರಿಯರ, ಮಸೀದಿ ಸಮಿತಿಗಳ ಕೆಲಸ. ಧರ್ಮದ ವ್ಯಾಖ್ಯಾನ ನನ್ನ ಅಧಿಕಾರವ್ಯಾಪ್ತಿಗೆ ಸೇರಿದ್ದಲ್ಲ. ಆದರೆ ತಮ್ಮದೇ ನ್ಯಾಯಪಂಡಿತರು ವಿಧವೆಗೆ ಕೊಟ್ಟ ಹಗಲಿನ ಸ್ವಾತಂತ್ರ್ಯವನ್ನು ಆಕೆಗೆ ತಿಳಿಸಿಹೇಳುವುದು ಅವರಿಗೆ ಸಾಧ್ಯವಿದೆ. ಆಕೆ ಮನೆಯಲ್ಲೇ ಇರಬೇಕೆಂದು ಬಯಸುವವರು ಆ ನಾಲ್ಕು ತಿಂಗಳು ಹತ್ತು ದಿನಗಳ ಪಡಿತರ, ಬಾಡಿಗೆ, ಮಕ್ಕಳ ಶುಲ್ಕದ ಹೊಣೆಯನ್ನೂ ಹೊರಬೇಕು. ಅದು ಆಗದಿದ್ದರೆ ಆಕೆಯನ್ನು ಕೆಲಸಕ್ಕೆ ಹೋಗಲು ಬಿಡಬೇಕು.